ಟವೆಲ್ಲು, ಬೂಟು ಮತ್ತು ಅಕ್ಕನ ಪಾಳಿ

ಬೈಲಹೊಂಗಲದ ಬಸ್ ನಿಲ್ದಾಣದಲ್ಲಿ ಬಸ್ಸಿನ ಚಕ್ರ ಇನ್ನೂ ಪೂರ್ತಿ ನಿಂತಿರುವುದಿಲ್ಲ, ಅಷ್ಟರೊಳಗೆ ಅದರ ಕಿಟಕಿಗಳಿಂದ ಟವೆಲ್ಲುಗಳು ಹಾರಿ ಒಳಗೆ ಬೀಳತೊಡಗುತ್ತವೆ. ಯಾರ ಟವೆಲ್ಲು ಯಾವ ಸೀಟಿನ ಮೇಲೆ ಬಿದ್ದಿತೋ ಆ ಸೀಟು ಅವರದು; ಬಾಗಿಲಲ್ಲಿ ಮೊಣಕೈಗಳ ಮಹಾಸಮರ ಮುಗಿಸಿ ಮೊದಲು ಒಳಹೊಕ್ಕ ವೀರನೂ ಆ ಟವೆಲ್ಲನ್ನು ಕಂಡೊಡನೆ ಮುಖ ಸಣ್ಣದು ಮಾಡಿಕೊಂಡು ಮುಂದಿನ ಸೀಟಿಗೆ ಹೋಗುತ್ತಾನೆ. ಈ ಶಾಸನವನ್ನು ಯಾರು ಬರೆದರೋ ತಿಳಿಯದು, ಆದರೆ ನಮ್ಮ ಕಡೆ ಇದಕ್ಕಿರುವ ಮರ್ಯಾದೆ ಬೇರೆ ಅನೇಕ ಶಾಸನಗಳಿಗಿಲ್ಲ. ಕರವಸ್ತ್ರಕ್ಕೆ ಬಲ ಕಡಿಮೆ, ಗಾಳಿಗೆ ಹಾರಿ ಹೋಯಿತೆಂದು ಯಾರಾದರೂ ಸುಳ್ಳು ಹೇಳಬಹುದು. ಕೈಚೀಲಕ್ಕೆ ಬಲ ಹೆಚ್ಚು. ಒಮ್ಮೆ ಸವದತ್ತಿಯ ಬಸ್ಸಿನಲ್ಲಿ ಒಂದು ಕುಂಬಳಕಾಯಿ ಮೂವರ ಸೀಟನ್ನು ಏಕಾಂಗಿಯಾಗಿ ಕಾಯ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹುಟ್ಟಾ ಮಂದಗತಿಯವನಾದ ನಾನು ಕಿತ್ತೂರಿನ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಲು ಇಲ್ಲಿಂದ ಅಷ್ಟು ವರ್ಷ ಕುಳಿತುಕೊಂಡೇ ಹೋಗಿ ಬಂದೆನೆಂದರೆ, ಅದು ಕಾಲಿನ ಬಲದಿಂದಲ್ಲ, ಹೆಗಲ ಮೇಲಿನ ಟವೆಲ್ಲಿನ ಬಲದಿಂದ.

ನಿವೃತ್ತನಾದ ಮೇಲೆ ಟವೆಲ್ಲಿಗೆ ಕೆಲಸ ತಪ್ಪಿತು. ಆದರೆ ಟವೆಲ್ಲಿನ ಹಿಂದಿರುವ ತತ್ತ್ವಕ್ಕೆ ಒಂದು ಗಣಿತವೇ ಇದೆಯೆಂದು ನನಗೆ ತಿಳಿದದ್ದು ಕಳೆದ ವರ್ಷ, ನನ್ನ ಮಗಳು ಅನಿತಾ ಒಂದು ವಿಚಿತ್ರ ಆಟವನ್ನು ಮನೆಗೆ ಹೊತ್ತು ತಂದಾಗ. ಧಾರವಾಡದ ಒಂದು ಗ್ರಂಥಾಲಯದಲ್ಲಿ ಕೆಲಸ ಮಾಡುವ ಅವಳು ಪ್ರತಿ ರವಿವಾರ ನಮ್ಮಲ್ಲಿಗೆ ಬರುತ್ತಾಳೆ. ಚೌಕಾಬಾರದ ಪಟ, ಇಸ್ಪೀಟಿನ ಎಲೆ, ಯಾವುದೂ ಬೇಡದ ಈ ಆಟದಲ್ಲಿ ಪ್ರತಿಯೊಬ್ಬರೂ ಒಂದೊಂದು ಪಾತ್ರವಾಗಿ ಮೇಜಿನ ಸುತ್ತ ಕುಳಿತು, ನಾನು ಹೀಗೆ ಮಾಡುತ್ತೇನೆ, ಹಾಗೆ ಮಾಡುತ್ತೇನೆ ಎಂದು ಬಾಯಲ್ಲಿ ಹೇಳುತ್ತಾ ಹೋಗಬೇಕು. ಕಥೆ ನಡೆಸುವವಳು ಮಗಳು. ಮಾಡಿದ್ದು ಫಲಿಸಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ಒಂದು ದಾಳ ತೀರ್ಮಾನಿಸುತ್ತದೆ. ಬಾಯಲ್ಲಿ ಹೇಳುವುದಷ್ಟೇ ಆಟವೆಂದರೆ ಇದು ನನಗಾಗಿಯೇ ಹುಟ್ಟಿದ ಕ್ರೀಡೆಯೆಂದು ನಾನು ಹಿಗ್ಗಿದೆ. ಅದು ನನಗಾಗಿ ಬಂದದ್ದಲ್ಲ, ನನ್ನ ಅಕ್ಕನಿಗಾಗಿ ಬಂದದ್ದು ಎಂಬುದನ್ನು ಮಗಳು ಆಮೇಲೆ ಅಡುಗೆಮನೆಯಲ್ಲಿ ಮೆಲ್ಲಗೆ ತಿಳಿಸಿದಳು.

ಅಕ್ಕ ಎಂದರೆ ಶಾಂತಕ್ಕ. ನನಗಿಂತ ಎಂಟು ವರ್ಷ ದೊಡ್ಡವಳು. ಕಟಕೋಳದ ಪ್ರಾಥಮಿಕ ಶಾಲೆಯಲ್ಲಿ ಬದುಕಿನ ಮುಕ್ಕಾಲು ಪಾಲು ಕಳೆದವಳು. ಅವಳು ವರಾಂಡದಲ್ಲಿ ನಿಂತು ಒಂದು ಹೆಸರು ಕರೆದರೆ ಮೈದಾನದ ಆಚೆ ಬೇವಿನ ಮರದಲ್ಲಿ ಕುಳಿತ ಹುಡುಗರು ಉದುರಿ ಬೀಳುತ್ತಿದ್ದರಂತೆ. ಎರಡು ವರ್ಷದ ಹಿಂದೆ ಲಕ್ವಾ ಹೊಡೆದು ಬಲಗೈ ಸೋತಿತು, ನಾಲಿಗೆಯೂ ಸೋತಿತು. ಅಂದಿನಿಂದ ನಮ್ಮ ಮನೆಯಲ್ಲೇ ಇದ್ದಾಳೆ. ಕಾಲು ಚೇತರಿಸಿಕೊಂಡಿತು, ಕೋಲೂರಿ ನಡೆಯುತ್ತಾಳೆ. ಮಾತು ಮಾತ್ರ ಹಿಂದುಳಿಯಿತು. ಬುದ್ಧಿಯಲ್ಲಿ ಕೊರತೆಯಿಲ್ಲ, ಹೇಳಬೇಕಾದದ್ದೆಲ್ಲ ಒಳಗೆ ಸಿದ್ಧವಾಗಿಯೇ ಇರುತ್ತದೆ, ಆದರೆ ಮೊದಲ ಪದ ತುಟಿಗೆ ಬರಲು ಅರ್ಧ ನಿಮಿಷ ಬೇಕು. ನಮ್ಮ ಮನೆಯಲ್ಲಿ ಅರ್ಧ ನಿಮಿಷದ ಮೌನವನ್ನು ಯಾರೂ ಯಾರಿಗೂ ಕೊಟ್ಟವರಲ್ಲ. ಅವಳು ಬಾಯಿ ತೆರೆದೊಡನೆ ನಾನು ಮುಂದಿನ ಪದ ಹೇಳುತ್ತಿದ್ದೆ, ನನ್ನ ಹೆಂಡತಿ ಸುಮಿತ್ರಾ ಅದರ ಮುಂದಿನದನ್ನು. ಸಹಾಯ ಮಾಡುತ್ತಿದ್ದೇವೆಂದೇ ನಂಬಿದ್ದೆವು. ಅಕ್ಕ ನಿಧಾನವಾಗಿ ತಲೆಯಾಡಿಸಲು ಕಲಿತಳು, ಆಮೇಲೆ ತಲೆಯಾಡಿಸುವುದೇ ಅವಳ ಮಾತಾಯಿತು. ಹೀಗೆಯೇ ಬಿಟ್ಟರೆ ಬಂದಿರುವಷ್ಟು ಮಾತೂ ಹೋದೀತು, ಹೇಗಾದರೂ ಮಾಡಿ ಮಾತಾಡಿಸಿರಿ ಎಂದು ಡಾಕ್ಟರು ಎಚ್ಚರಿಸಿದ್ದರು. ಅಕ್ಕನ ಮಾತು ಉಳಿಯುತ್ತದೋ ಇಲ್ಲವೋ ಎಂಬ ಭಯ ನನಗಿತ್ತು. ಆ ಭಯದಲ್ಲಿ ನಾನು ಇನ್ನಷ್ಟು ಮಾತಾಡುತ್ತಿದ್ದೆ.

ನಾಲ್ಕನೆಯ ಆಟಗಾರನಾಗಿ ಪಕ್ಕದ ಮನೆಯ ಈರಪ್ಪ ಬಂದ. ಬಸ್ಸಿನ ಡ್ರೈವರಾಗಿದ್ದು ನಿವೃತ್ತನಾದವನು, ಯೌವನದಲ್ಲಿ ಗರಡಿಯ ಮಣ್ಣು ಮೈಗೆ ಹಚ್ಚಿಕೊಂಡವನು. ಆದ್ದರಿಂದ ಕೇಳುವ ಮೊದಲೇ ತನ್ನ ಪಾತ್ರ ಪೈಲ್ವಾನ ಎಂದು ಘೋಷಿಸಿದ. ಜನ್ಮದಲ್ಲಿ ಒಂದು ಚಮಚೆಯನ್ನೂ ಕದಿಯದ ಸುಮಿತ್ರಾ, ನಾವೆಲ್ಲ ಬೆಚ್ಚಿಬೀಳುವಂತೆ, ಕಳ್ಳಿಯ ಪಾತ್ರ ಆರಿಸಿಕೊಂಡಳು. ನಾನು ಆಸ್ಥಾನಕವಿ, ಆದರೆ ಪ್ರಾಣಭಯದ ಕವಿಯಾದ್ದರಿಂದ ಆಟದೊಳಗಿನ ಅಂಗಡಿಯಲ್ಲಿದ್ದ ಅತಿ ದಪ್ಪನೆಯ ಉಕ್ಕಿನ ಕವಚವನ್ನು ಮೊದಲಿಗೇ ತೊಟ್ಟುಕೊಂಡೆ. ಅಕ್ಕ ಆಟದ ಪುಸ್ತಕದ ಚಿತ್ರಗಳನ್ನೆಲ್ಲ ನೋಡಿ, ಉದ್ದನೆಯ ಬಡಿಗೆ ಹಿಡಿದ ಮಂತ್ರವಾದಿನಿಯ ಮೇಲೆ ಎಡಗೈ ಬೆರಳಿಟ್ಟಳು. ಮಗಳು ಒಂದೇ ಒಂದು ನಿಯಮವನ್ನು ಒತ್ತಿ ಹೇಳಿದಳು: ಯಾರ ಪಾಳಿ ಬಂದಿದೆಯೋ ಅವರೇ ಮಾತಾಡಬೇಕು, ಉಳಿದವರ ಬಾಯಿಗೆ ಬೀಗ.

ಈ ಪಾಳಿಯ ವಿಚಾರವೇ ಆಟದ ಹೃದಯ. ಕಾಳಗ ಶುರುವಾಗುವ ಮುನ್ನ ಎಲ್ಲರೂ ದಾಳ ಉರುಳಿಸುತ್ತಾರೆ. ಬಿದ್ದ ಸಂಖ್ಯೆಗೆ ಪಾತ್ರದ ಚುರುಕುತನದ ಅಂಕ ಕೂಡುತ್ತದೆ. ಹೆಚ್ಚು ಬಂದವರು ಮೊದಲು, ಕಡಿಮೆ ಬಂದವರು ಕಡೆಗೆ. ಆ ಕಾಳಗ ಮುಗಿಯುವವರೆಗೆ ಆ ಕ್ರಮ ಕದಲುವುದಿಲ್ಲ. ಇಷ್ಟು ಸರಳವಾದ ನಿಯಮವನ್ನು ಬೈಲಹೊಂಗಲದಲ್ಲಿ ಜಾರಿಗೆ ತರುವುದು ಎಷ್ಟು ಕಷ್ಟವೆಂದು ಪಾಪ ನಮ್ಮ ಅನಿತಾಳಿಗೆ ಅಂದಾಜಿರಲಿಲ್ಲ. ಮೊದಲ ರವಿವಾರ ನಮ್ಮೆದುರಿಗೆ ಒಂದು ದೈತ್ಯ ಚೇಳು ಬಂದಿತು, ಮೊದಲ ಪಾಳಿ ಈರಪ್ಪನಿಗೆ ಬಂದಿತು. ಈರಪ್ಪ ಕೈಮುಗಿದು, ಹಿರಿಯರಾದ ಅಕ್ಕನವರು ಇರುವಾಗ ತಾನು ಮೊದಲು ಕೈಯೆತ್ತುವುದು ಶೋಭಿಸುವುದಿಲ್ಲ ಎಂದ. ಅಕ್ಕ ಕೈಯಾಡಿಸಿ ನನ್ನ ಕಡೆ ತೋರಿಸಿದಳು. ನಾನು, ಮನೆಯ ಯಜಮಾನನಾಗಿ ಅತಿಥಿಗಿಂತ ಮೊದಲು ಹೊಡೆಯುವುದು ಹೇಗೆಂದು ಈರಪ್ಪನಿಗೇ ಮರಳಿಸಿದೆ. ಸುಮಿತ್ರಾ, ಎಲ್ಲರೂ ಹೊಡೆದ ಮೇಲೆ ತಾನು ಹೊಡೆಯುವೆನೆಂದಳು. ಮನೆಯಲ್ಲಿ ಅವಳು ಊಟಕ್ಕೆ ಕೂಡ್ರುವುದೂ ಹಾಗೆಯೇ. ಈ ಉಪಚಾರ ಮೂರು ಸುತ್ತು ನಡೆಯಿತು.

"ಅಪ್ಪಾ, ಚೇಳಿಗೆ ಹಿರೇರು ಸಣ್ಣೇರು ಗೊತ್ತಾಗೂದಿಲ್ಲ," ಎಂದಳು ಮಗಳು, ಮತ್ತು ಚೇಳು ಈರಪ್ಪನನ್ನು ಕಚ್ಚಿತು.

ಮರ್ಯಾದೆಯನ್ನು ಬಿಡಲಾಗದು, ನಿಯಮವನ್ನು ಮುರಿಯಲಾಗದು. ಹಾಗಾದರೆ ನಿಯಮದ ಕೈಯಿಂದಲೇ ಮರ್ಯಾದೆ ಕೊಡಿಸಬೇಕು ಎಂಬ ಯೋಚನೆ ನನಗೆ ಹೊಳೆದದ್ದು ಮರುದಿನ ಸ್ನಾನ ಮಾಡುವಾಗ. ಆಟದ ಪುಸ್ತಕದಲ್ಲಿ ಸಾಮಗ್ರಿಗಳ ಒಂದು ದೊಡ್ಡ ಅಧ್ಯಾಯವೇ ಇತ್ತು. ಜಿಂಕೆಯ ಚರ್ಮದ ಬೂಟು ತೊಟ್ಟರೆ ಪಾಳಿಯ ಸಂಖ್ಯೆಗೆ ಎರಡು ಕೂಡುತ್ತದೆ. ಗಿಡುಗನ ಗರಿಯ ಟೋಪಿಗೆ ಒಂದು. ಹವಳದ ಉಂಗುರಕ್ಕೆ ಒಂದು. ಭಾರದ ಕವಚ ತೊಟ್ಟರೆ ನಾಲ್ಕು ಕಳೆಯುತ್ತದೆ, ಅಂದರೆ ನಾನು ನನ್ನ ಸ್ವಾಭಾವಿಕ ಮಂದಗತಿಗೆ ಉಕ್ಕಿನ ಬೆಂಬಲವನ್ನೂ ಪಡೆದಿದ್ದೆ. ಇದನ್ನು ಓದಿದೊಡನೆ ನನಗೆ ದೊಡವಾಡದ ಸೋದರಮಾವ ನೆನಪಾದ. ಕಾರಹುಣ್ಣಿಮೆಯ ದಿನ ಎತ್ತುಗಳನ್ನು ಓಡಿಸುವಾಗ ತನ್ನ ಎತ್ತೇ ಎಲ್ಲಕ್ಕೂ ಮೊದಲು ಊರಿನ ಅಗಸಿ ಬಾಗಿಲು ದಾಟಬೇಕೆಂಬ ಹಟದಲ್ಲಿ ಅವನು ಅದಕ್ಕೆ ಕೊಂಬಿಗೆ ಹಿತ್ತಾಳೆಯ ಕೊಡಣಸು, ಕೊರಳಿಗೆ ಎರಡು ಸಾಲು ಗಂಟೆ, ಬೆನ್ನಿಗೆ ಕನ್ನಡಿ ಹೊಲಿದ ಜೂಲು ಎಲ್ಲವನ್ನೂ ಹೇರಿದ್ದ. ಎತ್ತು ಮದುವಣಿಗನಂತೆ ಗಂಭೀರವಾಗಿ ನಡೆದು ಬಂದಿತು. ಅಷ್ಟರಲ್ಲಿ ಬರಿಮೈಯ ಒಂದು ಬಡಕಲು ಎತ್ತು ಅಗಸಿ ದಾಟಿ, ಆಚೆ ಯಾರದೋ ಮೇವಿಗೆ ಬಾಯಿ ಹಾಕಿತ್ತು. ಸಾಮಗ್ರಿ ಅಂದವನ್ನು ಕೂಡಿಸಿದಷ್ಟೂ ವೇಗವನ್ನು ಕಳೆಯುತ್ತದೆಂಬ ಪಾಠ ಅಲ್ಲಿಯೇ ಇತ್ತು. ಮಾವನೂ ಕಲಿಯಲಿಲ್ಲ, ನಾನೂ ಕಲಿತಿರಲಿಲ್ಲ.

ಮುಂದಿನ ರವಿವಾರ ನಾವು ಮೂವರೂ ನಮ್ಮ ನಮ್ಮ ಪಾಲಿಗೆ ಬಂದದ್ದನ್ನೆಲ್ಲ ಅಕ್ಕನಿಗೆ ಕೊಟ್ಟೆವು. ಆಟದಲ್ಲಿ ನನಗೆ ಸಿಕ್ಕ ಬಹುಮಾನದಲ್ಲಿ ಬೂಟು ಬಂದಿತು, ಈರಪ್ಪ ತನ್ನ ಟೋಪಿ ಕಳಚಿದ, ಸುಮಿತ್ರಾ ಉಂಗುರವನ್ನು ಒಬ್ಬ ಸಾಮಂತನ ಬೆರಳಿನಿಂದಲೇ ಎಗರಿಸಿ ತಂದಳು. ಎರಡು ಜೊತೆ ಬೂಟು ಕೊಟ್ಟರೆ ನಾಲ್ಕಾಗುವುದಿಲ್ಲವೇ ಎಂದು ಈರಪ್ಪ ಕೇಳಿದ. ಒಂದು ಕಾಲಿಗೆ ಒಂದೇ ಬೂಟು, ಒಂದೇ ಬಗೆಯ ಎರಡು ಬಲಗಳು ಕೂಡುವುದಿಲ್ಲ, ಚೀಲದಲ್ಲಿಟ್ಟ ಬೂಟಿಗೆ ಬಲವೇ ಇಲ್ಲ ಎಂದು ಮಗಳು ತೀರ್ಪು ಕೊಟ್ಟಳು. ಆದರೂ ನಾಲ್ಕು ಅಂಕದ ಸಾಮಗ್ರಿ ಮೈಮೇಲಿದ್ದ ಅಕ್ಕ ಆ ದಿನ ಕಾಳಗದಲ್ಲಿ ಎಲ್ಲರಿಗಿಂತ ಮೊದಲು ಬಂದಳು. ನಮಗೆ ಆದ ಸಂತೋಷ ಅಷ್ಟಿಷ್ಟಲ್ಲ. ಸಭೆಯಲ್ಲಿ ಮೊದಲ ಎಲೆಯಡಿಕೆ ಹಿರಿಯರ ಕೈಗೆ ಹೋದರೆ ಎಲ್ಲರಿಗೂ ಒಂದು ನೆಮ್ಮದಿಯಾಗುತ್ತದಲ್ಲ, ಅಂಥದು.

ಮೊದಲ ಪಾಳಿ ಬಂದ ಅಕ್ಕನ ಕಡೆ ನಾವೆಲ್ಲ ತಿರುಗಿ ಕುಳಿತೆವು. ಎಂಟು ಕಣ್ಣುಗಳು ಅವಳ ತುಟಿಯ ಮೇಲೆ. ಕಥೆ ಆಗತಾನೆ ಶುರುವಾಗಿದೆ, ಶತ್ರು ಏನು ಮಾಡುವನೆಂದು ತಿಳಿಯದು, ಯಾರೂ ಏನೂ ಮಾಡಿಲ್ಲ, ಯಾವುದಕ್ಕೂ ಆಧಾರವಿಲ್ಲ. ಅವಳ ತುಟಿ ಅದುರಿತು. ನಾನು ತಡೆಯಲಾರದೆ, ಬಡಿಗೆಯಿಂದ ಹೊಡೆಯುವೆಯೇನು ಎಂದು ಕೇಳಿಬಿಟ್ಟೆ. ಅವಳು ತಲೆಯಾಡಿಸಿದಳು.

"ಸರ, ಅವರ ಪಾಳಿ ಐತಿ," ಎಂದ ಈರಪ್ಪ. "ಅವರ ಗಾಡ್ಯಾಗ ನೀವ್ಯಾಕ ಗಿಯರ್ ಹಾಕ್ತೀರಿ?"

ನಾನು ನಾಚಿದೆ, ಆದರೆ ಸುಧಾರಿಸಲಿಲ್ಲ. ಮೂರು ರವಿವಾರ ಹೀಗೇ ನಡೆಯಿತು. ಪ್ರತಿ ಸಲವೂ ಅಕ್ಕ ಮೊದಲು, ಪ್ರತಿ ಸಲವೂ ತಲೆಯಾಡಿಸುವಿಕೆ. ನಾಲ್ಕನೆಯ ರವಿವಾರ ತಲೆನೋವೆಂದು ಸನ್ನೆ ಮಾಡಿ ಕೋಣೆಯಿಂದ ಹೊರಗೇ ಬರಲಿಲ್ಲ. ಸುಮಿತ್ರಾ ಚುರಮರಿ ತಂದಿಟ್ಟಳು, ಯಾರೂ ಮುಟ್ಟಲಿಲ್ಲ. ಆಟ ಶುರುವಾಗುವ ಮುಂಚೆ ಅಕ್ಕ ದಿನಕ್ಕೆ ನಾಲ್ಕಾರು ಪದವನ್ನಾದರೂ ಆಡುತ್ತಿದ್ದಳು, ಈಗ ಅದೂ ಇಲ್ಲ ಎಂಬುದನ್ನು ನಾನು ಆ ದಿನ ಲೆಕ್ಕ ಹಾಕಿ ನೋಡಿ ಹೆದರಿದೆ. ಆಟವನ್ನು ಇಲ್ಲಿಗೇ ನಿಲ್ಲಿಸೋಣವೆಂದು ಮಗಳಿಗೆ ಹೇಳಿದೆ. ಇನ್ನೊಂದು ರವಿವಾರ ನೋಡೋಣ ಅಪ್ಪಾ ಎಂದು ಅವಳು ಬಸ್ಸಿಗೆ ಹೊರಟಳು.

ಆ ಇನ್ನೊಂದು ರವಿವಾರ ನಾವು ಮೇಜಿಗೆ ಬರುವ ಮೊದಲೇ ಅಕ್ಕ ಬಂದು ಕುಳಿತಿದ್ದಳು. ಅವಳ ಮುಂದೆ ಅವಳ ಪಾತ್ರದ ಅಂಕ, ಸಾಮಗ್ರಿ ಬರೆದಿಡುವ ಹಾಳೆ, ಪಕ್ಕದಲ್ಲಿ ನನ್ನ ಪಾತ್ರದ ಹಾಳೆ, ನಡುವೆ ರಬ್ಬರಿನ ಪುಡಿ. ತನ್ನ ಹಾಳೆಯಿಂದ ಬೂಟು, ಟೋಪಿ, ಉಂಗುರ ಮೂರನ್ನೂ ಒರೆಸಿ ಹಾಕಿ, ನನ್ನ ಹಾಳೆಯ ಮೇಲೆ ಎಡಗೈಯಿಂದ, ಒಂದನೆಯ ಇಯತ್ತೆಯ ಮಗುವಿನಂಥ ಸೊಟ್ಟ ಅಕ್ಷರಗಳಲ್ಲಿ ಬರೆದಿದ್ದಳು. ಸಾವಿರಾರು ಮಕ್ಕಳ ಅಕ್ಷರ ತಿದ್ದಿದ ಕೈ ಅದು. ಕೊಟ್ಟದ್ದನ್ನು ಹಿಂದಿರುಗಿಸಿದಳೆಂದರೆ ಆಟ ಬಿಡುತ್ತಿದ್ದಾಳೆಂದೇ ಅರ್ಥ ಮಾಡಿಕೊಂಡೆ. ಆದರೆ ಅವಳು ದಾಳವನ್ನು ಎಡಗೈಯಲ್ಲಿ ಹಿಡಿದು ಕುಲುಕುತ್ತಿದ್ದಳು. ನಿಯಮಪ್ರಿಯನಾದ ಈರಪ್ಪ, ಹೀಗೆ ಸಾಮಾನು ದಾಟಿಸಬಹುದೇ ಎಂದು ವಿಚಾರಿಸಿದ. ಕಾಳಗ ಶುರುವಾಗುವ ಮುಂಚೆ ಯಾರೂ ಏನನ್ನೂ ತೊಡಬಹುದು, ಬಿಚ್ಚಬಹುದು ಎಂದಳು ಮಗಳು. ಹೇಳುವಾಗ ಅವಳ ಕಣ್ಣು ಸೋದರತ್ತೆಯ ಮೇಲಿತ್ತು.

ಕಥೆಯಲ್ಲಿ ನಾವು ಮಲಪ್ರಭೆಯನ್ನು ಹೋಲುವ ಒಂದು ಹೊಳೆ ದಾಟಬೇಕಿತ್ತು. ನಡುನೀರಿನಲ್ಲಿ ಮೊಸಳೆ ಎದ್ದಿತು. ದಾಳ ಉರುಳಿತು. ಅಕ್ಕನ ಕೊಡುಗೆಯ ನಾಲ್ಕು ಅಂಕ ನನ್ನ ಕವಚದ ನಾಲ್ಕು ಅಂಕವನ್ನು ತಿಂದುಹಾಕಿ ನಾನು ಬರಿಗೈಯವನಂತಾದೆ. ಆದರೆ ದಾಳ ಹತ್ತೊಂಬತ್ತು ಬಿದ್ದಿತು. ಆಯುಷ್ಯದಲ್ಲಿ ಮೊದಲ ಸಲ ನಾನು ಎಲ್ಲಕ್ಕೂ ಮೊದಲಿಗನಾಗಿದ್ದೆ. ಅಕ್ಕನಿಗೆ ಬಿದ್ದದ್ದು ಮೂರು. ಅವಳು ಎಲ್ಲರ ಹಿಂದೆ.

ಮೊದಲ ಪಾಳಿಯ ಆಸ್ಥಾನಕವಿ ಏನು ಮಾಡಿದನೆಂದು ವಿವರವಾಗಿ ಹೇಳಲು ನನಗೆ ಸಂಕೋಚವಾಗುತ್ತದೆ. ಮೊಸಳೆಯನ್ನು ಉದ್ದೇಶಿಸಿ ಸ್ತುತಿ ಮಾಡಬೇಕೋ ನಿಂದಿಸಬೇಕೋ ಎಂದು ನಾನು ಬಾಯಿಬಿಟ್ಟು ಚರ್ಚಿಸಿದ್ದೇ ನನ್ನ ಪಾಳಿಯಾಯಿತೆಂದು ಮಗಳು ಸಾರಿದಳು. ಎಲ್ಲರ ಕಣ್ಣೂ ನನ್ನ ಮೇಲಿದ್ದವು, ಮುಂದೇನೆಂದು ತಿಳಿಯದು, ಹಿಡಿದುಕೊಳ್ಳಲು ಯಾರ ಮಾತಿನ ಎಳೆಯೂ ಇಲ್ಲ. ಮಾತನ್ನೇ ವೃತ್ತಿ ಮಾಡಿಕೊಂಡಿದ್ದ ನಾನು ಒಂದು ವಾಕ್ಯವನ್ನೂ ಮುಗಿಸಿರಲಿಲ್ಲ. ಮೂರು ರವಿವಾರ ನಾವು ಅಕ್ಕನನ್ನು ಕೂರಿಸಿದ್ದು ಎಂಥ ಜಾಗದಲ್ಲಿ ಎಂಬುದು ಆಗ ನನಗೆ ಗೊತ್ತಾಯಿತು. ಬೂಟು ತೊಡಿಸಿ ಅವಳನ್ನು ನೂಕಿದವನು ನಾನೇ.

ಸುಮಿತ್ರಾ ಜಾಣೆಯಾಗಿ ಬಂಡೆಯ ಹಿಂದೆ ಅಡಗಿದಳು. ಮೊಸಳೆ ಬಂದು ಪೈಲ್ವಾನನ ಕಾಲು ಕಚ್ಚಿ ಹಿಡಿಯಿತು. ಈರಪ್ಪ ಅದಕ್ಕೆ ಕುಸ್ತಿಯ ಧೋಬಿ ಪಟ್ಟು ಹಾಕುವೆನೆಂದು ದಾಳ ಒಗೆದ, ಎರಡು ಬಿದ್ದಿತು. ಇನ್ನೊಂದು ಸುತ್ತು ಬಂದರೆ ಪೈಲ್ವಾನನ ಕಥೆ ಮುಗಿಯುವುದು ಖಂಡಿತವಾಗಿತ್ತು. ತನ್ನ ಪಾತ್ರ ಸತ್ತರೆ ಆಟ ಬಿಡಬೇಕಾಗುತ್ತದೆಂದು ತಿಳಿದ ಈರಪ್ಪನ ಮುಖ ನಿಜಕ್ಕೂ ಬಾಡಿತು. ಈ ಹೊತ್ತಿನುದ್ದಕ್ಕೂ ಅಕ್ಕ ಯಾರ ಕಣ್ಣಿಗೂ ಬೀಳದೆ ಒಂದು ಮೂಲೆಯಲ್ಲಿ ಕುಳಿತು ತುಟಿಯೊಳಗೇ ಏನನ್ನೋ ಹೊಂದಿಸುತ್ತಿದ್ದಳು. ಅವಳ ಪಾಳಿ ಬಂದಿತು. ನನ್ನ ಬಾಯಿ ಅಭ್ಯಾಸಬಲದಿಂದ ತೆರೆಯಿತು, ಈರಪ್ಪ ಅಂಗೈಯನ್ನು ನನ್ನೆದುರಿಗೆ ಹಿಡಿದು ಬಸ್ಸು ತಡೆಯುವಂತೆ ತಡೆದ. ಗಡಿಯಾರ ಕೇಳಿಸುತ್ತಿತ್ತು.

"ನನ್ನ ಬಡಿಗಿ..." ಎಂದಳು ಅಕ್ಕ. ಬಹಳ ಹೊತ್ತು ಕಳೆಯಿತು. "ಅದರ ಬಾಯಾಗ... ಅಡ್ಡ ಅಲ್ಲ... ನೆಟ್ಟಗ ನಿಲ್ಲಸ್ತೇನಿ."

ನಾವು ಮೂವರೂ ಹೊಡೆಯುವುದು, ಓಡುವುದು, ಹೊಗಳುವುದು ಎಂದು ಒದ್ದಾಡುವಾಗ, ಮೊಸಳೆಯ ಬಾಯಿ ಮುಚ್ಚದಂತೆ ಕೋಲು ನೆಡುವ ಯುಕ್ತಿಯನ್ನು ಅವಳೊಬ್ಬಳೇ ಕಂಡಿದ್ದಳು. ಅವಳು ಒಗೆದ ದಾಳ ಮಂಚದ ಕೆಳಗೆ ಹೋಯಿತು. ಈರಪ್ಪ ಬೋರಲು ಮಲಗಿ ಟಾರ್ಚು ಬಿಟ್ಟು, ಹದಿನಾರು ಎಂದು ಅಲ್ಲಿಂದಲೇ ಕೂಗಿದ. ಪೈಲ್ವಾನನ ಕಾಲು ಉಳಿಯಿತು. ಮಗಳು ಕಥೆ ನಡೆಸುವುದನ್ನು ಬಿಟ್ಟು ಅತ್ತೆಯ ಭುಜಕ್ಕೆ ತಲೆಯಿಟ್ಟಳು. ಲಕ್ವಾ ಹೊಡೆದ ಮೇಲೆ ನಮ್ಮ ಮನೆಯಲ್ಲಿ ಅಕ್ಕ ಹೇಳಿ ಮುಗಿಸಿದ ಮೊದಲ ವಾಕ್ಯ ಅದು. ಮೊಸಳೆಯೊಂದಕ್ಕೆ ಯಾರೂ ಎಂದೂ ಅಷ್ಟು ಕೃತಜ್ಞರಾಗಿರಲಿಕ್ಕಿಲ್ಲ.

ಆಮೇಲಿನ ಆಟಗಳಲ್ಲಿ ಅಕ್ಕ ಸದಾ ಬರಿಗಾಲಿನವಳು. ಕೆಲವು ಸಲ ದಾಳದ ದೆಸೆಯಿಂದ ಮುಂದೆ ಬಂದರೆ, ಭಾರದ ಕವಚವೊಂದು ಎಲ್ಲಿಯಾದರೂ ಸಿಕ್ಕೀತೇ ಎಂದು ಸುಮಿತ್ರಾಳಿಗೆ ಸನ್ನೆ ಮಾಡುತ್ತಾಳೆ, ಮತ್ತು ಕಳ್ಳಿ ಅದನ್ನೂ ಕದ್ದು ತರುತ್ತಾಳೆ. ಪುಸ್ತಕದ ಸಾಮಗ್ರಿಗಳ ಅಧ್ಯಾಯದಲ್ಲಿ ಯಾವುದಕ್ಕೆ ಎಷ್ಟು ಕೂಡುತ್ತದೆ, ಎಷ್ಟು ಕಳೆಯುತ್ತದೆ ಎಂದು ಬರೆದಿದೆ. ಯಾರಿಗೆ ಕೂಡುವುದು ಬೇಕು, ಯಾರಿಗೆ ಕಳೆಯುವುದು ಬೇಕು ಎಂಬುದನ್ನು ಕೇಳಿಯೇ ತಿಳಿಯಬೇಕು. ಕೇಳಿದ ಮೇಲೆ ಅರ್ಧ ನಿಮಿಷ ಸುಮ್ಮನಿರಬೇಕು. ಓದುಗ ಮಹಾಶಯರೇ, ಇದು ದೊಡ್ಡ ತತ್ತ್ವವೇನಲ್ಲ, ಆದರೆ ನನ್ನಂಥ ಬಾಯಿಬಡುಕನಿಗೆ ಆ ಅರ್ಧ ನಿಮಿಷ ಎಷ್ಟು ಉದ್ದವೆಂದು ನಿಮಗೆ ತಿಳಿಯದು.

ಮೊನ್ನೆ ರಾಮದುರ್ಗದಲ್ಲಿರುವ ತನ್ನ ಹಳೆಯ ಸಹೋದ್ಯೋಗಿಯನ್ನು ನೋಡಬೇಕೆಂದು ಅಕ್ಕ ಹಂಬಲಿಸಿದಳು. ಬಹಳ ದಿನಗಳ ಮೇಲೆ ಟವೆಲ್ಲು ಹೆಗಲಿಗೇರಿತು. ಬಸ್ಸು ನಿಲ್ದಾಣದೊಳಗೆ ತಿರುಗಿದ್ದೇ ತಡ ನಾನು ಹಳೆಯ ಯೋಧನಂತೆ ಎಡಗಡೆಯ ಮೂರನೆಯ ಕಿಟಕಿಗೆ ಗುರಿಯಿಟ್ಟೆ. ಬೀಸಿದ ಟವೆಲ್ಲು ಮುಂದೆ ಹೋಗಲಿಲ್ಲ. ತಿರುಗಿ ನೋಡಿದರೆ ಅದರ ಇನ್ನೊಂದು ತುದಿ ಅಕ್ಕನ ಎಡಗೈಯಲ್ಲಿತ್ತು.

"ತಮ್ಮಾ..." ಎಂದಳು. ಜನ ನಮ್ಮ ಎರಡೂ ಪಕ್ಕದಿಂದ ನುಗ್ಗುತ್ತಿದ್ದರು. ನಾನು ಕಾದೆ. "ನನ್ನ ಮುಂದ ನೂಕಬ್ಯಾಡ. ಹಿಂದ ಇದ್ರ... ನನಗ ಮಾತು ಸಿಗತಾವ."

ಎಲ್ಲರೂ ಹತ್ತಿದ ಮೇಲೆ ನಾವು ಹತ್ತಿದೆವು. ಕೋಲು ಕಂಡು ಒಬ್ಬಾಕೆ ಸರಿದು ಅಕ್ಕನಿಗೆ ಜಾಗ ಕೊಟ್ಟಳು. ನಾನು ಮೇಲಿನ ಸಲಾಕೆ ಹಿಡಿದು ನಿಂತೆ. ಊರು ದಾಟುವಾಗ ಕಂಡಕ್ಟರ್ ಬಂದು ಎಲ್ಲಿಗೆ ಎಂದು ಅಕ್ಕನನ್ನೇ ಕೇಳಿದ. ಊರಿನ ಹೆಸರು ನನ್ನ ನಾಲಿಗೆಯ ತುದಿಯಲ್ಲಿತ್ತು, ಕಷ್ಟಪಟ್ಟು ನುಂಗಿಕೊಂಡೆ. ಕಂಡಕ್ಟರ್ ನನ್ನ ಮುಖ ನೋಡಿದ. ನಾನು ಕಿಟಕಿಯ ಹೊರಗೆ ಜೋಳದ ಹೊಲಗಳನ್ನು ನೋಡಿದೆ. ಏನನ್ನಿಸಿತೋ, ಆ ಪುಣ್ಯಾತ್ಮನೂ ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡು ನಿಂತ.

"ರಾಮದುರ್ಗ," ಎಂದಳು ಅಕ್ಕ. ಬಸ್ಸು ಒಂದು ಗುಂಡಿ ಇಳಿದು ಹತ್ತಿತು. "ಎರಡು." ಇನ್ನೂ ಸ್ವಲ್ಪ ಹೊತ್ತು. "ನಂದು ಪುಕ್ಕಟೆ ಐತಿ. ಇವನ ಕಡೆ... ರೊಕ್ಕ ಬಿಡಬ್ಯಾಡ್ರಿ."

ಸುತ್ತಲಿನ ಹೆಂಗಸರೆಲ್ಲ ನಕ್ಕರು, ಕಂಡಕ್ಟರನೂ ನಕ್ಕ. ಕಟಕೋಳದ ವರಾಂಡದಲ್ಲಿ ನಿಲ್ಲುತ್ತಿದ್ದ ಅಕ್ಕ ಆ ಸೀಟಿನಲ್ಲಿ ಕುಳಿತಿದ್ದಳು. ನಾನು ರೊಕ್ಕ ಕೊಟ್ಟು, ಟವೆಲ್ಲಿನಿಂದ ಕಣ್ಣೊರೆಸಿಕೊಂಡೆ. ಅದಕ್ಕೆ ಅಂದು ಸಿಕ್ಕ ಕೆಲಸ ಅದೊಂದೇ.